ಇಳಿಯುವ ದಿನಾಂಕದ ಲೆಕ್ಕ: ಅಮೆರಿಕದಲ್ಲಿ ನಿವೃತ್ತರಾಗಿ ಭಾರತಕ್ಕೆ ಮರಳುವವರಿಗೆ

ಇಪ್ಪತ್ತೈದು ಮೂವತ್ತು ವರ್ಷ ಅಮೆರಿಕದಲ್ಲಿ ದುಡಿದು ನಿವೃತ್ತರಾದವರು ವಾಪಸ್ ಬರುವ ಮಾತೆತ್ತಿದರೆ ಚರ್ಚೆಯೆಲ್ಲ ಮನೆ ಎಲ್ಲಿ ಮಾಡೋದು, ಮಕ್ಕಳು ಏನಂತಾರೆ ಅನ್ನುವುದರ ಸುತ್ತಲೇ ತಿರುಗುತ್ತದೆ. ಕೆಲಸ ಕೆಡುವುದು ಬೇರೆ ಕಡೆ. ವಿಮಾನ ಇಳಿದ ದಿನದಿಂದ ಆದಾಯ ತೆರಿಗೆಯದು ಒಂದು ಲೆಕ್ಕ, ಫೆಮಾ ಎಂಬ ವಿದೇಶಿ ವಿನಿಮಯ ಕಾಯ್ದೆಯದು ಇನ್ನೊಂದು, ಆರೋಗ್ಯ ವಿಮೆಯ ಕಾಯುವ ಅವಧಿ ಬೇರೆ, ಅಲ್ಲಿಯ ಮೆಡಿಕೇರ್ (ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ದಂಡ ಬೇರೆ. ಒಂದಕ್ಕೊಂದು ತಾಳೆಯಾಗುವುದಿಲ್ಲ. ಕೆಲವನ್ನು ಬರುವ ಮೂರು ವರ್ಷ ಮೊದಲೇ ಶುರು ಮಾಡಿಟ್ಟುಕೊಂಡರೆ ಲಾಭ, ಕೆಲವನ್ನು ಎಷ್ಟು ಮುಂದೆ ಹಾಕಿದರೆ ಅಷ್ಟು ಲಾಭ. ಹಾಗಾಗಿ ಟಿಕೆಟ್ ದಿನಾಂಕವನ್ನು ಹಬ್ಬ ನೋಡಿಕೊಂಡೋ ವಿಮಾನದ ದರ ನೋಡಿಕೊಂಡೋ ಗೊತ್ತು ಮಾಡಬೇಡಿ.

ದಿನ ಎಣಿಸುವುದು

ಭಾರತದಲ್ಲಿ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. ಒಂದು ವರ್ಷದಲ್ಲಿ 182 ದಿನ ಇಲ್ಲಿದ್ದರೆ ಆ ವರ್ಷಕ್ಕೆ ನೀವು ತೆರಿಗೆಯ ದೃಷ್ಟಿಯಲ್ಲಿ ನಿವಾಸಿ. ಆದರೆ ಬಹುಕಾಲ ಹೊರಗಿದ್ದವರು ನಿವಾಸಿಯಾದ ತಕ್ಷಣ ಹೊರದೇಶದ ಆದಾಯಕ್ಕೆಲ್ಲ ಇಲ್ಲಿ ತೆರಿಗೆ ಕಟ್ಟಬೇಕಾಗಿಲ್ಲ. ನಡುವೆ ಆರ್‌ಎನ್‌ಒಆರ್ (ನಿವಾಸಿ, ಆದರೆ ಇನ್ನೂ ‘ಸಾಮಾನ್ಯ ನಿವಾಸಿ’ ಅಲ್ಲ) ಅನ್ನುವ ಮೆಟ್ಟಿಲಿದೆ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಇಲ್ಲವೇ ಹಿಂದಿನ 7 ವರ್ಷಗಳಲ್ಲಿ ಇಲ್ಲಿ ಕಳೆದ ದಿನಗಳು ಒಟ್ಟು 729 ಮೀರದಿದ್ದರೆ ಆ ಸ್ಥಾನ ಸಿಗುತ್ತದೆ. ಎರಡರಲ್ಲಿ ಒಂದು ಸಾಕು. ಆ ಅವಧಿಯಲ್ಲಿ ಅಮೆರಿಕದ ಬಡ್ಡಿ, ಡಿವಿಡೆಂಡ್, ಮನೆ ಮಾರಿದ ಲಾಭ, 401(ಕೆ) ಎಂಬ ಉದ್ಯೋಗಿಗಳ ನಿವೃತ್ತಿ ಖಾತೆಯಿಂದ ತೆಗೆದ ಹಣ ಯಾವುದಕ್ಕೂ ಇಲ್ಲಿ ತೆರಿಗೆ ಬೀಳುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ ಐದು ವಾರ, ಅಂದರೆ 35 ದಿನ ಊರಿಗೆ ಬಂದು ಹೋಗುತ್ತಿದ್ದ ದಂಪತಿ 2026ರ ಆಗಸ್ಟ್ 1ಕ್ಕೆ ಖಾಯಂ ಬಂದಿಳಿದರು ಅಂದುಕೊಳ್ಳಿ. ಮಾರ್ಚ್ 31ಕ್ಕೆ 243 ದಿನ ಆಗುತ್ತದೆ, ಆ ವರ್ಷವೇ ನಿವಾಸಿ. 2026-27 ಮತ್ತು 2027-28 ಆರ್‌ಎನ್‌ಒಆರ್‌ನಲ್ಲಿ ಕಳೆಯುತ್ತವೆ. 2028-29ಕ್ಕೆ ಹಿಂದಿನ ಏಳು ವರ್ಷದ ಮೊತ್ತ 175, 243, 366 ಸೇರಿ 784. ಎರಡೂ ಪರೀಕ್ಷೆ ಬಿದ್ದುಹೋಗುತ್ತವೆ. ಅವರೇ ಆ ವರ್ಷ ಬೇರೆ ಭೇಟಿ ಕೊಡದೆ ನವೆಂಬರ್ 1ಕ್ಕೆ ಬಂದಿದ್ದರೆ? ಮಾರ್ಚ್ ಕೊನೆಗೆ 151 ದಿನ, ಆ ವರ್ಷ ಇನ್ನೂ ಅನಿವಾಸಿ. 2027-28, 2028-29 ಎರಡೂ ಆರ್‌ಎನ್‌ಒಆರ್. ಮೂರು ತಿಂಗಳು ತಡೆದದ್ದಕ್ಕೆ ಒಂದಿಡೀ ವರ್ಷದ ವಿದೇಶಿ ಆದಾಯ ಇಲ್ಲಿನ ತೆರಿಗೆಯಿಂದ ಹೊರಗುಳಿಯಿತು.

ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಎಣಿಸಿದರೆ ಸರಿಯಾಗಿ 182 ದಿನ. ಅದಕ್ಕೇ ‘ಅಕ್ಟೋಬರ್ ದಾಟಿಸಿ ಬನ್ನಿ’ ಎನ್ನುವ ಮಾತು ಹುಟ್ಟಿದ್ದು. ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಅದೇ ಹಣಕಾಸು ವರ್ಷದ ಮೇ ತಿಂಗಳಲ್ಲಿ ಮನೆ ನೋಡಲೆಂದು ಬಂದು ಹೋದ ದಿನಗಳೂ ಸೇರುತ್ತವೆ. ಇನ್ನೊಂದು, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದವರು ಖಾಯಂ ಬಂದ ವರ್ಷ ಬರೀ 60 ದಿನ ಇದ್ದರೂ ನಿವಾಸಿ ಆಗಿಬಿಡಬಹುದು. ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳಲು ಪ್ರತಿವರ್ಷ ಮೂರು ತಿಂಗಳು ಬಂದು ಇರುತ್ತಿದ್ದವರು ಬಹುಪಾಲು ಇದರಲ್ಲೇ ಸಿಕ್ಕಿಬೀಳುತ್ತಾರೆ; 729ರ ಮಿತಿಯೂ ಅವರಿಗೆ ಬೇಗ ತುಂಬುತ್ತದೆ. ಪಾಸ್‌ಪೋರ್ಟ್ ಮೊಹರುಗಳನ್ನು, ಹಳೆಯ ರದ್ದಾದ ಪಾಸ್‌ಪೋರ್ಟ್‌ನದೂ ಸೇರಿಸಿ, ಒಂದು ಹಾಳೆಗೆ ಇಳಿಸಿ. ಬಂದ ದಿನ, ಹೋದ ದಿನ ಎರಡನ್ನೂ ಎಣಿಸಿ, ಮೇಲೆ ಒಂದು ವಾರ ಕೈಯಲ್ಲಿಟ್ಟುಕೊಂಡು ಟಿಕೆಟ್ ತೆಗೆಸಿ.

ಆರ್‌ಎನ್‌ಒಆರ್ ಇದ್ದಾಗಲೂ ಒಂದು ಎಡವಟ್ಟು ಸಾಧ್ಯ. ಹೊರದೇಶದ ಆದಾಯ ಮೊದಲು ಕೈಗೆ ಸಿಕ್ಕಿದ್ದೇ ಭಾರತದಲ್ಲಿ ಅಂದರೆ ವಿನಾಯಿತಿ ಹೋಯಿತು. ಪಿಂಚಣಿಯೋ ಆನ್ಯುಟಿಯೋ ಅಲ್ಲಿನ ಬ್ಯಾಂಕ್ ಖಾತೆಗೆ ಮೊದಲು ಬೀಳಲಿ, ಅಲ್ಲಿಂದ ಬೇಕಾದಷ್ಟನ್ನು ನೀವೇ ಇಲ್ಲಿಗೆ ಕಳಿಸಿಕೊಳ್ಳಿ.

ಅಲ್ಲಿ ಮುಗಿಸಿ ಬರಬೇಕಾದದ್ದು

ಮನೆ ಮಾರುವುದಿದ್ದರೆ ಅದಕ್ಕೂ ಕಾಲಮಿತಿ ಉಂಟು. ಮಾರುವ ಹಿಂದಿನ ಐದು ವರ್ಷಗಳಲ್ಲಿ ಎರಡು ವರ್ಷ ಅದೇ ಮನೆಯಲ್ಲಿ ವಾಸವಾಗಿದ್ದರೆ ಒಬ್ಬರಿಗೆ 2.5 ಲಕ್ಷ, ದಂಪತಿಗೆ 5 ಲಕ್ಷ ಡಾಲರ್‌ವರೆಗಿನ ಲಾಭಕ್ಕೆ ಅಮೆರಿಕದಲ್ಲಿ ತೆರಿಗೆ ಇಲ್ಲ. ಬಾಡಿಗೆಗೆ ಕೊಟ್ಟು ಬಂದರೆ ಮೂರು ವರ್ಷದೊಳಗೆ ಮಾರಬೇಕು ಎಂದಾಯಿತು. ಆರ್‌ಎನ್‌ಒಆರ್ ಕಾಲ ಮೇಲಿನ ಲೆಕ್ಕದಂತೆ ಎರಡು ವರ್ಷದ ಆಸುಪಾಸಿಗೇ ಮುಗಿಯಬಹುದಾದ್ದರಿಂದ ಎರಡೂ ಕಡೆ ತಪ್ಪಿಸಿಕೊಳ್ಳಲು ಇರುವ ಅವಕಾಶ ಅದೊಂದೇ. ‘ಬೆಲೆ ಇನ್ನೂ ಏರಲಿ’ ಎಂದು ಕಾಯುತ್ತ ಕೂತವರು ಏರಿದ್ದನ್ನು ತೆರಿಗೆಗೆ ಕೊಡುತ್ತಾರೆ. ಗ್ರೀನ್ ಕಾರ್ಡ್ ಬಿಟ್ಟುಕೊಟ್ಟ ಮೇಲೆ ಮಾರಿದರೆ ಸಾಮಾನ್ಯವಾಗಿ ಮಾರಾಟದ ಬೆಲೆಯಲ್ಲೇ 15% ತೆರಿಗೆಗೆಂದು ಹಿಡಿದುಕೊಳ್ಳುತ್ತಾರೆ. ರಿಟರ್ನ್ ಹಾಕಿ ವಾಪಸ್ ಪಡೆಯಬೇಕು.

ಗ್ರೀನ್ ಕಾರ್ಡ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ. ಕಾರ್ಡ್‌ನ ಅವಧಿ ಮುಗಿದರೆ ಅಮೆರಿಕದ ತೆರಿಗೆಯೂ ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ಫಾರಂ ಐ-407 ಕೊಟ್ಟು ವಿಧಿಪೂರ್ವಕ ಬಿಡಬೇಕು. ಕೊನೆಯ 15 ವರ್ಷಗಳಲ್ಲಿ 8 ವರ್ಷ ಕಾರ್ಡ್ ಇಟ್ಟುಕೊಂಡಿದ್ದವರು ಬಿಡುವಾಗ ಫಾರಂ 8854 ಕೂಡ ಸಲ್ಲಿಸಬೇಕು. ನಿವ್ವಳ ಆಸ್ತಿ 20 ಲಕ್ಷ ಡಾಲರ್ ಮುಟ್ಟಿದ್ದರೆ ನಿರ್ಗಮನ ತೆರಿಗೆಯ (ಆಸ್ತಿಯನ್ನೆಲ್ಲ ಮಾರಿದಂತೆ ಭಾವಿಸಿ ಹಾಕುವ ತೆರಿಗೆ) ಲೆಕ್ಕಕ್ಕೆ ಬರುತ್ತಾರೆ. ಕಳೆದ ಐದು ವರ್ಷದ ರಿಟರ್ನ್‌ಗಳು ಸರಿಯಾಗಿವೆ ಎಂದು ದೃಢೀಕರಿಸಲು ಆಗದಿದ್ದರೆ ಆಸ್ತಿ ಕಡಿಮೆ ಇದ್ದರೂ ಅದೇ ಗತಿ. ಇನ್ನೂ ಮನಸ್ಸು ಗಟ್ಟಿಯಾಗಿಲ್ಲ ಅನ್ನುವವರು ಹೊರಡುವ ಮೊದಲು, ಅಲ್ಲಿರುವಾಗಲೇ, ಐ-131 ಹಾಕಿ ಮರುಪ್ರವೇಶ ಪರವಾನಗಿ ಪಡೆಯಲಿ. ಎರಡು ವರ್ಷದವರೆಗೆ ಸಿಗುತ್ತದೆ.

ಮೆಡಿಕೇರ್ ಭಾರತದಲ್ಲಿ ಆಸ್ಪತ್ರೆ ಖರ್ಚು ಕೊಡುವುದಿಲ್ಲ. ಕಂತು ಕಟ್ಟದೆ ಸಿಗುವ ಭಾಗ ಎ (ಆಸ್ಪತ್ರೆ ವಾಸದ ವಿಮೆ) ಇಟ್ಟುಕೊಳ್ಳುವುದಕ್ಕೆ ಏನೂ ಖರ್ಚಿಲ್ಲ. ಪ್ರಶ್ನೆ ಇರುವುದು ವೈದ್ಯರ ಭೇಟಿ, ಹೊರರೋಗಿ ಚಿಕಿತ್ಸೆಯ ಭಾಗ ಬಿಯದು; 2025ರಲ್ಲಿ ತಿಂಗಳಿಗೆ 185 ಡಾಲರ್ ಇತ್ತು. ಬಿಟ್ಟುಬಿಟ್ಟು ಮುಂದೆ ಯಾವಾಗಲೋ ಮತ್ತೆ ಸೇರಿದರೆ, ಹೊರಗಿದ್ದ ಪ್ರತಿ ಪೂರ್ಣ 12 ತಿಂಗಳಿಗೆ ಕಂತು 10% ಹೆಚ್ಚು, ಅದೂ ಜೀವನಪೂರ್ತಿ. ಜೊತೆಗೆ ಬೇಕೆಂದಾಗ ಸೇರಲಾಗದು, ಜನವರಿಯಿಂದ ಮಾರ್ಚ್‌ವರೆಗಿನ ನೋಂದಣಿ ಕಾಲಕ್ಕೆ ಕಾಯಬೇಕು. ನನ್ನ ಮಟ್ಟಿಗೆ, ಗಂಡಹೆಂಡಿರಲ್ಲಿ ಒಬ್ಬರು ಹೋದ ಮೇಲೆ ಇನ್ನೊಬ್ಬರು ಮಕ್ಕಳ ಹತ್ತಿರ ಮರಳುವ ಸಾಧ್ಯತೆ ಇದ್ದರೆ ಕನಿಷ್ಠ ಮೊದಲ ಎರಡು ವರ್ಷ ಭಾಗ ಬಿ ಕಟ್ಟಿಕೊಂಡೇ ಇರುವುದು ಜಾಣತನ. ಅಷ್ಟರಲ್ಲಿ ಇಲ್ಲಿನ ಬದುಕು ಒಗ್ಗಿತೇ ಇಲ್ಲವೇ ತಿಳಿದುಹೋಗುತ್ತದೆ.

ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಭಾರತದಲ್ಲಿದ್ದರೂ ಬರುತ್ತದೆ. ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಅದಕ್ಕೆ ತೆರಿಗೆ ಹಾಕುವ ಹಕ್ಕು ಅಮೆರಿಕಕ್ಕೆ ಮಾತ್ರ. ಪೌರತ್ವವೂ ಇಲ್ಲದೆ ಕಾರ್ಡನ್ನೂ ಬಿಟ್ಟವರಿಗೆ 85% ಭಾಗದ ಮೇಲೆ 30% ಅಂದರೆ ಒಟ್ಟು 25.5% ಕಡಿತ. ಇದರಲ್ಲಿ ಕೈಕೊಡುವುದು ಅಂಚೆ. ಬದುಕಿದ್ದೀರಾ, ವಿಳಾಸ ಬದಲಾಗಿದೆಯಾ ಎಂದು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ 7162 ಎಂಬ ಫಾರಂ ಬರುತ್ತದೆ. ತುಂಬಿ ಕಳಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ಲಕೋಟೆ ತಲುಪದಿದ್ದರೂ ಅಷ್ಟೇ.

ಬ್ಯಾಂಕ್, ಷೇರು ದಲ್ಲಾಳಿ ಖಾತೆಗಳ ಪಾಡೂ ಹೀಗೇ. ಭಾರತದ ವಿಳಾಸ ಕೊಟ್ಟೊಡನೆ ಹೊಸ ಖರೀದಿ ನಿಲ್ಲಿಸುವ ದಲ್ಲಾಳಿ ಸಂಸ್ಥೆಗಳಿವೆ. ಹೊರಡುವ ಆರು ತಿಂಗಳು ಮೊದಲೇ ಲಿಖಿತವಾಗಿ ಕೇಳಿ, ಬೇಡ ಅಂದರೆ ಇಟ್ಟುಕೊಳ್ಳುವವರ ಬಳಿಗೆ ವರ್ಗಾಯಿಸಿ. ಒಟಿಪಿ ಬರುವ ಅಮೆರಿಕದ ಮೊಬೈಲ್ ನಂಬರ್ ಉಳಿಸಿಕೊಳ್ಳಿ. ಅಗ್ಗವೆಂದು ಅದನ್ನು ಇಂಟರ್ನೆಟ್ ಫೋನ್ ಸೇವೆಗೆ ವರ್ಗಾಯಿಸಿದರೆ ಕೆಲವು ಬ್ಯಾಂಕ್‌ಗಳ ಒಟಿಪಿ ಅದಕ್ಕೆ ಬರುವುದೇ ಇಲ್ಲ. ವೈಫೈ ಮೂಲಕ ಕರೆ ಮತ್ತು ಸಂದೇಶ ಪಡೆಯುವ ಸಣ್ಣ ಪ್ಲಾನ್ ತೆಗೆದುಕೊಂಡು ಭಾರತ ಪ್ರವಾಸದಲ್ಲೇ ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು.

ಔಷಧದ ಡಬ್ಬಿ, ಆಸ್ಪತ್ರೆಯ ಕಡತ

ವಯಸ್ಸಾದವರ ಸ್ಥಳಾಂತರದಲ್ಲಿ ಪ್ರಾಣಕ್ಕೇ ಸಂಚಕಾರ ತರಬಲ್ಲ ತಪ್ಪು ನಡೆಯುವುದು ಇಲ್ಲಿ. ಅಮೆರಿಕದಲ್ಲಿ ಇನ್ಸುಲಿನ್ ಸಾಮಾನ್ಯವಾಗಿ ಯು-100, ಅಂದರೆ ಒಂದು ಮಿಲಿಲೀಟರ್‌ಗೆ 100 ಯೂನಿಟ್. ನಮ್ಮ ಔಷಧದಂಗಡಿಗಳಲ್ಲಿ 40 ಯೂನಿಟ್‌ನ ಯು-40 ಬಾಟಲಿಯೂ ಅದಕ್ಕೆ ಹೊಂದುವ ಸಿರಿಂಜೂ ಧಾರಾಳವಾಗಿ ಸಿಗುತ್ತವೆ. ಅಲ್ಲಿಂದ ತಂದ ಯು-100 ಬಾಟಲಿಗೆ ಇಲ್ಲಿ ಕೊಂಡ ಯು-40 ಸಿರಿಂಜ್ ಚುಚ್ಚಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 50 ಯೂನಿಟ್. ಉಲ್ಟಾ ಆದರೆ 8 ಮಾತ್ರ. ಬಾಟಲಿ, ಸಿರಿಂಜ್ ಎರಡರ ಮೇಲೂ ಅದೇ ಅಂಕಿ ಇದೆಯೇ ಎಂದು ಪ್ರತಿ ಖರೀದಿಗೂ ನೋಡಬೇಕು. ಪೆನ್‌ಗೆ ಬದಲಾಯಿಸಿಕೊಂಡರೆ ಈ ಗೊಂದಲವೇ ಇಲ್ಲ.

ಉಳಿದ ಮಾತ್ರೆಗಳ ಪಟ್ಟಿಯನ್ನು ಬ್ರ್ಯಾಂಡ್ ಹೆಸರಲ್ಲಿ ಬರೆದು ತರಬೇಡಿ. ಮೂಲ ಔಷಧದ ಹೆಸರು, ಮಿಲಿಗ್ರಾಂ, ದಿನಕ್ಕೆಷ್ಟು ಸಲ, ಯಾವ ಕಾಯಿಲೆಗೆ, ಯಾವ ವರ್ಷದಿಂದ, ಇಷ್ಟಿರಲಿ. ಅಲ್ಲಿನ ಆಸ್ಪತ್ರೆಯ ಪೋರ್ಟಲ್ ಖಾತೆ ವಿಮೆ ನಿಂತ ಮೇಲೆ ತೆರೆಯದೇ ಹೋಗಬಹುದು, ಆದ್ದರಿಂದ ಲ್ಯಾಬ್ ವರದಿ, ಡಿಸ್ಚಾರ್ಜ್ ಸಾರಾಂಶ, ಲಸಿಕೆ ದಾಖಲೆ ಎಲ್ಲ ಇಳಿಸಿಕೊಂಡು, ಎಂಆರ್‌ಐ ಮತ್ತು ಸಿಟಿ ಚಿತ್ರಗಳನ್ನು ಡಿಸ್ಕ್‌ನಲ್ಲಿ ಕೇಳಿ ಪಡೆಯಿರಿ. ಬರೀ ವರದಿ ಸಾಲದು. ಮಂಡಿ ಚಿಪ್ಪು, ಸೊಂಟದ ಕೀಲು, ಪೇಸ್‌ಮೇಕರ್ ಹಾಕಿಸಿಕೊಂಡವರು ಅದರ ಇಂಪ್ಲಾಂಟ್ ಕಾರ್ಡ್ ತರಲೇಬೇಕು: ತಯಾರಕರು, ಮಾದರಿ, ಸೀರಿಯಲ್ ಸಂಖ್ಯೆ ಅದರಲ್ಲಿರುತ್ತದೆ. ಪೇಸ್‌ಮೇಕರ್ ಇರುವವರಿಗೆ ಇಲ್ಲಿ ಎಂಆರ್‌ಐ ಮಾಡಬಹುದೇ ಬೇಡವೇ ಎಂಬುದು ಆ ಸಂಖ್ಯೆಯ ಮೇಲೇ ನಿಂತಿರುತ್ತದೆ.

ಭಾರತದ ಆರೋಗ್ಯ ವಿಮೆಗೆ ಬರುವ ಮೊದಲೇ ಸೇರಿಕೊಳ್ಳಿ ಅನ್ನುವುದು ಈ ದಾರಿ ದಾಟಿದ ನಮ್ಮಂಥವರು ಎಲ್ಲರಿಗೂ ಹೇಳುವ ಮೊದಲ ಮಾತು. ಮೊದಲಿನಿಂದ ಇದ್ದ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 36 ತಿಂಗಳು. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಅದನ್ನು ನಾಲ್ಕು ವರ್ಷದಿಂದ ಇಳಿಸಿತು, 65 ವರ್ಷದ ವಯೋಮಿತಿಯನ್ನೂ ತೆಗೆಯಿತು. ಅನಿವಾಸಿಯಾಗಿದ್ದಾಗಲೇ ಪಾಲಿಸಿ ಕೊಳ್ಳಬಹುದು, ರಜೆಗೆ ಬಂದಾಗ ವೈದ್ಯಕೀಯ ಪರೀಕ್ಷೆ ಮುಗಿಸಬಹುದು. ಮೂರು ವರ್ಷ ಮೊದಲು ಸೇರಿದವರಿಗೆ ಇಳಿದ ದಿನವೇ ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಸಂಬಂಧಿಸಿದ ಚಿಕಿತ್ಸೆಯೂ ಪಾಲಿಸಿಯೊಳಗೆ. ಇಳಿದ ಮೇಲೆ ಕೊಂಡರೆ ಆ ಮೂರು ವರ್ಷ ಕೈಯಿಂದಲೇ ಭರಿಸಬೇಕು. ಕಣ್ಣಿನ ಪೊರೆ, ಹರ್ನಿಯಾ, ಕೀಲು ಬದಲಾವಣೆಗೆ ಬಹಳ ಪಾಲಿಸಿಗಳಲ್ಲಿ ಪ್ರತ್ಯೇಕ ಎರಡು ವರ್ಷ. ಇರುವ ಕಾಯಿಲೆಯನ್ನೆಲ್ಲ ಬರೆದುಕೊಡಿ. 60 ತಿಂಗಳು ಸತತ ಕಂತು ಕಟ್ಟಿದ ಮೇಲೆ ವಂಚನೆ ಬಿಟ್ಟು ಬೇರೆ ಕಾರಣಕ್ಕೆ ಮುಚ್ಚಿಟ್ಟಿರಿ ಎಂದು ಕ್ಲೇಮ್ ತಳ್ಳಿಹಾಕುವಂತಿಲ್ಲ, ಅಲ್ಲಿಯವರೆಗೆ ತಳ್ಳಿಹಾಕಬಹುದು. 70 ದಾಟಿದ ಭಾರತೀಯ ನಾಗರಿಕರಿಗೆ ಆಯುಷ್ಮಾನ್ ಭಾರತ್‌ನ 5 ಲಕ್ಷ ರೂಪಾಯಿಯ ಯೋಜನೆ ಇದೆ. ಅಮೆರಿಕದ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್‌ನಲ್ಲಿ ಬರುವವರು ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ 120 ವೋಲ್ಟ್ 60 ಹರ್ಟ್ಸ್, ಇಲ್ಲಿ 230 ವೋಲ್ಟ್ 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ಹರ್ಟ್ಸ್ ಬದಲಿಸುವುದಿಲ್ಲ, ಹಾಗಾಗಿ ಮೋಟಾರ್ ಇರುವ ಯಂತ್ರಗಳು ಬಿಸಿಯಾಗಿ ಸುಡುತ್ತವೆ. ಲೇಬಲ್ ಮೇಲೆ 100-240 ವೋಲ್ಟ್ ಎಂದಿದ್ದರೆ ಮಾತ್ರ ತನ್ನಿ. ಪುಸ್ತಕ, ಒಳ್ಳೆಯ ಹಾಸಿಗೆ, ಉಪಕರಣಗಳು ಸರಿ. ಸೋಫಾಸೆಟ್ ಹಡಗಿನಲ್ಲಿ ತರಿಸುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ.

ಇಳಿದ ಮೇಲೆ

ಫೆಮಾ ಕಾಯ್ದೆ ದಿನ ಎಣಿಸುತ್ತ ಕೂರುವುದಿಲ್ಲ. ಇನ್ನು ಇಲ್ಲೇ ಇರುತ್ತೇನೆ ಎಂಬ ಉದ್ದೇಶದಿಂದ ಬಂದಿಳಿದ ದಿನವೇ ಅದರ ಪ್ರಕಾರ ನೀವು ನಿವಾಸಿ. ತೆರಿಗೆಯಲ್ಲಿ ಇನ್ನೂ ಅನಿವಾಸಿ, ಫೆಮಾದಲ್ಲಿ ನಿವಾಸಿ! ಹೊರಗಿನ ಗಳಿಕೆಯನ್ನು ಅನಿವಾಸಿಗಳು ಭಾರತದಲ್ಲಿಡುವ ಎನ್‌ಆರ್‌ಇ ಠೇವಣಿಯವರು ಮೋಸ ಹೋಗುವುದು ಇಲ್ಲೇ. ಎನ್‌ಆರ್‌ಇ ಬಡ್ಡಿಯ ತೆರಿಗೆ ವಿನಾಯಿತಿ ನಿಂತಿರುವುದು ಫೆಮಾದ ಅನಿವಾಸಿ ಸ್ಥಾನದ ಮೇಲೆ, ಆರ್‌ಎನ್‌ಒಆರ್ ಮೇಲಲ್ಲ. ಬ್ಯಾಂಕಿಗೆ ತಿಳಿಸುವವರೆಗೆ ಬ್ಯಾಂಕ್ ಟಿಡಿಎಸ್ ಕಡಿಯುವುದಿಲ್ಲ, ಠೇವಣಿದಾರರು ಅದನ್ನೇ ವಿನಾಯಿತಿ ಎಂದು ತಿಳಿಯುತ್ತಾರೆ, ನಾಲ್ಕು ವರ್ಷದ ಮೇಲೆ ನೋಟಿಸ್ ಬರುತ್ತದೆ. ಇಳಿದ ಕೆಲವೇ ವಾರಗಳಲ್ಲಿ ಬ್ಯಾಂಕಿಗೆ ಹೋಗಿ ಎನ್‌ಆರ್‌ಒ (ಅನಿವಾಸಿಗಳ ಭಾರತದ ಆದಾಯದ) ಖಾತೆಯನ್ನು ನಿವಾಸಿ ಖಾತೆ ಮಾಡಿಸಿ, ಎನ್‌ಆರ್‌ಇ ಹಣವನ್ನು ನಿವಾಸಿ ಖಾತೆಗೋ ಆರ್‌ಎಫ್‌ಸಿ (ನಿವಾಸಿಗಳ ವಿದೇಶಿ ಕರೆನ್ಸಿ) ಖಾತೆಗೋ ಹಾಕಿಸಿ. ಶಾಖೆಯ ಸಿಬ್ಬಂದಿಗೆ ಆರ್‌ಎಫ್‌ಸಿ ಅಂದರೆ ಗೊತ್ತಿರಲಿಕ್ಕಿಲ್ಲ, ವಿದೇಶಿ ವಿನಿಮಯ ವ್ಯವಹಾರ ಮಾಡುವ ಶಾಖೆಯನ್ನೇ ಹುಡುಕಿ. ಆರ್‌ಎಫ್‌ಸಿಯಲ್ಲಿ ಹಣ ಡಾಲರ್‌ನಲ್ಲೇ ಉಳಿಯುತ್ತದೆ, ಆರ್‌ಎನ್‌ಒಆರ್ ಇರುವವರೆಗೆ ಬಡ್ಡಿಗೆ ತೆರಿಗೆ ಇಲ್ಲ, ಮತ್ತೆ ಹೊರಗೆ ಕಳಿಸಲು ವರ್ಷಕ್ಕೆ 2.5 ಲಕ್ಷ ಡಾಲರ್‌ನ ಮಿತಿಯೂ ತಾಗುವುದಿಲ್ಲ. ಎಫ್‌ಸಿಎನ್‌ಆರ್ (ಅನಿವಾಸಿಗಳ ವಿದೇಶಿ ಕರೆನ್ಸಿ) ಠೇವಣಿಗಳನ್ನು ಮುರಿಯಬೇಡಿ. ಗೊತ್ತಾದ ಬಡ್ಡಿಯಲ್ಲೇ ಅವಧಿ ಮುಗಿಯುವವರೆಗೆ ಮುಂದುವರಿಯಬಹುದು.

ಅಮೆರಿಕದಲ್ಲಿರುವ ಷೇರು, ಖಾತೆ, ಮನೆ ಮಾರಲೇಬೇಕೆಂದೇನಿಲ್ಲ. ಅನಿವಾಸಿಯಾಗಿದ್ದಾಗ ಗಳಿಸಿದ್ದನ್ನು ಹೊರಗೇ ಇಟ್ಟುಕೊಳ್ಳಲು ಫೆಮಾ ಬಿಡುತ್ತದೆ. ಅಮೆರಿಕದ ಪೌರರು ಮಾತ್ರ ಇಲ್ಲಿ ಬಂದ ಉತ್ಸಾಹದಲ್ಲಿ ಭಾರತದ ಮ್ಯೂಚುವಲ್ ಫಂಡ್ ಕೊಳ್ಳಬಾರದು. ಅಮೆರಿಕ ಅದನ್ನು ಪಿಎಫ್‌ಐಸಿ (ಕಠಿಣ ತೆರಿಗೆಗೆ ಒಳಪಡುವ ವಿದೇಶಿ ಹೂಡಿಕೆ ಕಂಪನಿ) ಎಂದು ಪರಿಗಣಿಸುತ್ತದೆ, ಪ್ರತಿ ಫಂಡ್‌ಗೂ ಒಂದೊಂದು ಫಾರಂ 8621 ತುಂಬಬೇಕಾಗಬಹುದು, ತೆರಿಗೆ ಸಲಹೆಗಾರರ ಶುಲ್ಕವೇ ಲಾಭ ತಿಂದುಹಾಕುತ್ತದೆ. ಬ್ಯಾಂಕ್ ಠೇವಣಿಯೇ ಅವರಿಗೆ ಸುಲಭ. ಭಾರತದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಅಮೆರಿಕಕ್ಕೆ ಎಫ್‌ಬಿಎಆರ್ (ವಿದೇಶಿ ಖಾತೆಗಳ ವರದಿ) ಸಲ್ಲಿಸುವುದು ತಪ್ಪುವುದಿಲ್ಲ.

ಆಧಾರ್ ಇಲ್ಲದೆ ಇಲ್ಲಿ ಹೆಜ್ಜೆ ಮುಂದೆ ಹೋಗುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರು ಬಂದ ವಾರವೇ ಅರ್ಜಿ ಹಾಕಬಹುದು. ಒಸಿಐನವರು ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಾಗಿರಬೇಕು, ಅಂದರೆ ಮೊದಲ ಆರು ತಿಂಗಳು ಆಧಾರ್ ಕೇಳುವ ಯಾವ ಕೆಲಸವನ್ನೂ ಇಟ್ಟುಕೊಳ್ಳಬಾರದು. ಅಂಥ ಕೆಲಸಗಳಲ್ಲಿ ಮುಖ್ಯವಾದದ್ದು ಖಾತಾ. ಎಂದೋ ಕೊಂಡಿಟ್ಟ ಬೆಂಗಳೂರಿನ ಸೈಟಿಗೆ ಈಗ ಇ-ಖಾತಾ ಇಲ್ಲದೆ ಮಾರಾಟದ ನೋಂದಣಿ ನಡೆಯದು; ಕ್ರಯಪತ್ರ, ಇಸಿ (ಋಣಭಾರ ಪ್ರಮಾಣಪತ್ರ), ಕಂದಾಯದ ರಸೀದಿಯ ಜೊತೆಗೆ ಮಾಲೀಕರ ಆಧಾರ್ ಕೇಳುತ್ತಾರೆ. ಕ್ರಯಪತ್ರದಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮುಂದೆ, ಪಾಸ್‌ಪೋರ್ಟ್‌ನಲ್ಲಿ ಅದೇ ಪೂರ್ತಿ ಬಿಡಿಸಿ ಹಿಂದೆ, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತ, ಹೀಗಿದ್ದರೆ ಅಲ್ಲೇ ತಡೆ. ಮೂರರಲ್ಲೂ ಹೆಸರು ಒಂದೇ ಆಗುವಂತೆ ಆಧಾರ್ ಅರ್ಜಿಯಲ್ಲೇ ನೋಡಿಕೊಳ್ಳಿ, ಆಮೇಲೆ ತಿದ್ದಿಸುವುದು ದೊಡ್ಡ ರಗಳೆ.

ಊರಿನ ಪಿತ್ರಾರ್ಜಿತ ಜಮೀನಾದರೆ ವಂಶವೃಕ್ಷ, ಪೌತಿ ಖಾತೆ, ಪಹಣಿಯಲ್ಲಿ ಹೆಸರು ಸೇರಿಸುವುದು ಎಂದು ನಾಡಕಚೇರಿಯ ದಾರಿ. ಒಸಿಐನವರು ಕೃಷಿ ಜಮೀನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಅಣ್ಣತಮ್ಮಂದಿರಲ್ಲಿ ಒಬ್ಬರು ಇನ್ನೂ ಹೊರಗಿದ್ದರೆ ಅವರಿಂದ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಬೇಕಾಗುತ್ತದೆ. ಅದನ್ನು ಅಲ್ಲಿ ನೋಟರಿ ಮಾಡಿಸಿ ಅಪೊಸ್ಟಿಲ್ (ಬೇರೆ ದೇಶದಲ್ಲೂ ನಡೆಯುವ ಸರ್ಕಾರಿ ದೃಢೀಕರಣ) ಹಾಕಿಸಿ, ಇಲ್ಲವೇ ಭಾರತದ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಕಳಿಸಬೇಕು. ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟದಿದ್ದರೆ ದಂಡ.

ಮೂರನೇ ವರ್ಷದ ಹೊತ್ತಿಗೆ

ಆರ್‌ಎನ್‌ಒಆರ್ ಮುಗಿದ ವರ್ಷದಿಂದ ಜಗತ್ತಿನ ಎಲ್ಲ ಆದಾಯವೂ ಇಲ್ಲಿನ ರಿಟರ್ನ್‌ಗೆ ಬರುತ್ತದೆ, ಎಲ್ಲ ವಿದೇಶಿ ಆಸ್ತಿಯನ್ನೂ ಷೆಡ್ಯೂಲ್ ಎಫ್‌ಎಯಲ್ಲಿ ತೋರಿಸಬೇಕು. ಆದಾಯ ಏಪ್ರಿಲ್‌ನಿಂದ ಮಾರ್ಚ್ ಲೆಕ್ಕದಲ್ಲಿ, ಆಸ್ತಿ ಪಟ್ಟಿ ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ. ಖಾತೆಯಲ್ಲಿ ಆ ವರ್ಷದ ಗರಿಷ್ಠ ಮೊತ್ತವನ್ನೂ ಕೇಳುತ್ತಾರೆ, ಆದ್ದರಿಂದ ಮಾಸಿಕ ಹೇಳಿಕೆಗಳನ್ನು ಎಸೆಯಬೇಡಿ. ಹೊರಗಿನ ಚರಾಸ್ತಿ 20 ಲಕ್ಷ ರೂಪಾಯಿ ಮೀರಿದ್ದು ತೋರಿಸದೆ ಬಿಟ್ಟರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ದಂಡ ಹಾಕಬಹುದು, ತೆರಿಗೆ ಒಂದು ರೂಪಾಯಿ ಬಾಕಿ ಇಲ್ಲದಿದ್ದರೂ.

401(ಕೆ), ಐಆರ್‌ಎ (ವೈಯಕ್ತಿಕ ನಿವೃತ್ತಿ ಉಳಿತಾಯ) ಖಾತೆಗಳೊಳಗೆ ಪ್ರತಿವರ್ಷ ಬೆಳೆಯುವ ಹಣಕ್ಕೆ ಆಗಲೇ ತೆರಿಗೆಯೋ, ತೆಗೆದಾಗಲೋ ಎಂಬ ಗೊಂದಲವನ್ನು ಹಳೆಯ ಆದಾಯ ತೆರಿಗೆ ಕಾಯ್ದೆಯ 89ಎ ಕಲಮು ಬಗೆಹರಿಸಿತ್ತು: ಫಾರಂ 10-ಇಇ ಸಲ್ಲಿಸಿ ಆಯ್ಕೆ ಮಾಡಿಕೊಂಡವರಿಗೆ ತೆಗೆದಾಗ ಮಾತ್ರ. ಅಮೆರಿಕ, ಕೆನಡಾ, ಬ್ರಿಟನ್‌ಗಳ ಖಾತೆಗಳಿಗೆ ಇದು ಅನ್ವಯ. ಒಮ್ಮೆ ಆಯ್ಕೆ ಮಾಡಿದರೆ ಹಿಂದೆಗೆಯುವಂತಿಲ್ಲ, ರಿಟರ್ನ್‌ನ ಗಡುವಿನೊಳಗೆ ಸಲ್ಲಿಸಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ಲೆಕ್ಕಿಗರ ಹತ್ತಿರ ಹಳೆಯ ಸಂಖ್ಯೆಯನ್ನಷ್ಟೇ ಹಿಡಿದು ವಾದಕ್ಕಿಳಿಯಬೇಡಿ. ತೆರಿಗೆ ಕಟ್ಟಿದ ಹಣವನ್ನೇ ಹಾಕುವ ರಾತ್ ಐಆರ್‌ಎ ತೆರಿಗೆರಹಿತ ಎಂಬುದು ಅಮೆರಿಕದ ಕಾನೂನಿನ ಮಾತು, ಭಾರತ ಹಾಗೆಂದು ಎಲ್ಲೂ ಬರೆದುಕೊಟ್ಟಿಲ್ಲ. ಅದರಿಂದ ದೊಡ್ಡ ಮೊತ್ತ ತೆಗೆಯುವ ಯೋಚನೆ ಇದ್ದರೆ ಆರ್‌ಎನ್‌ಒಆರ್ ಮುಗಿಯುವ ಮಾರ್ಚ್ 31ರೊಳಗೆ ತೆಗೆಯುವುದು ಕ್ಷೇಮ.

ಕೊನೆಗೆ ಉಯಿಲು. ಅಮೆರಿಕದ ಆಸ್ತಿಗೆ ಅಲ್ಲಿನ ಉಯಿಲು, ಇಲ್ಲಿನ ಆಸ್ತಿಗೆ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಬೇರೆಯೇ ಉಯಿಲು ಮಾಡಿ. ಎರಡನೆಯದರಲ್ಲಿ ‘ಹಿಂದಿನ ಎಲ್ಲ ಉಯಿಲುಗಳನ್ನೂ ರದ್ದುಪಡಿಸಿದ್ದೇನೆ’ ಎಂಬ ಅಚ್ಚಿನ ಸಾಲು ಹಾಗೇ ಉಳಿದರೆ ಮೊದಲನೆಯದೂ ರದ್ದಾಗಿಹೋಗುತ್ತದೆ; ‘ಭಾರತದಲ್ಲಿರುವ ಆಸ್ತಿಗೆ ಸಂಬಂಧಿಸಿದ’ ಎಂದು ಸೇರಿಸಲು ವಕೀಲರಿಗೆ ಹೇಳಬೇಕು. ಪೌರತ್ವವಿಲ್ಲದೆ, ವಾಸವನ್ನೂ ಪೂರ್ತಿ ಇಲ್ಲಿಗೆ ಬದಲಿಸಿದವರು ತೀರಿಕೊಂಡಾಗ ಅಮೆರಿಕದ ಕಂಪನಿಗಳ ಷೇರು, ಅಲ್ಲಿನ ಮನೆ ಸೇರಿ 60,000 ಡಾಲರ್ ಮೀರಿದ ಭಾಗಕ್ಕೆ ಅಲ್ಲಿ ಎಸ್ಟೇಟ್ ತೆರಿಗೆ ಬೀಳುತ್ತದೆ, ದರ 40% ತನಕ ಏರುತ್ತದೆ. ಪೌರರಿಗಿರುವ ಕೋಟಿಗಟ್ಟಲೆ ಡಾಲರ್‌ನ ವಿನಾಯಿತಿ ಇವರಿಗಿಲ್ಲ, ಈ ತೆರಿಗೆಯ ಬಗ್ಗೆ ಎರಡು ದೇಶಗಳ ನಡುವೆ ಒಪ್ಪಂದವೂ ಇಲ್ಲ. ಐ-407ಕ್ಕೆ ಸಹಿ ಹಾಕುವ ಮೊದಲು ಆ ಷೇರುಗಳಲ್ಲಿ ಎಷ್ಟು ಉಳಿಸಿಕೊಳ್ಳುವುದು ಎಂಬುದನ್ನು ತೀರ್ಮಾನಿಸಿಕೊಂಡಿರಿ.